ಅಂಡಾಶಯ ‘ತಾನಾಗಿಯೇ’ ಆಗುತ್ತದೆಯೇ? ಪಾಠದ ಮೂರು ವಾಕ್ಯಗಳ ವಿಮರ್ಶೆ

ಸಸ್ತನಿಗಳಲ್ಲಿ ಲಿಂಗ ನಿರ್ಧಾರ ಹೇಗಾಗುತ್ತದೆ ಎಂಬುದನ್ನು ಬೋಧಿಸುವಾಗ ನಮ್ಮ ತರಗತಿಗಳಲ್ಲಿ ಮೂರು ವಾಕ್ಯಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು: ಅಂಡಾಣುಗಳು ಅಂಡಾಶಯದಲ್ಲೂ ವೀರ್ಯಾಣುಗಳು ವೃಷಣದಲ್ಲೂ ಹುಟ್ಟುತ್ತವೆ. ಎರಡು: ಅಂಡಾಶಯದ ಹೊರ ಹೊದಿಕೆ ‘ಜನನ ಎಪಿಥೀಲಿಯಂ’. ಮೂರು: ವೈ ವರ್ಣತಂತು ಇದ್ದರೆ ವೃಷಣ ಬೆಳೆಯುತ್ತದೆ, ಇಲ್ಲದಿದ್ದರೆ ತಾನಾಗಿಯೇ ಅಂಡಾಶಯವಾಗುತ್ತದೆ. ನೀವು ಅಧ್ಯಾಪಕರಾಗಿದ್ದರೆ ಇವನ್ನು ಕರಿಹಲಗೆಯ ಮೇಲೆ ಬರೆದಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ಉತ್ತರ ಪತ್ರಿಕೆಯಲ್ಲಿ ಬರೆದು ಅಂಕ ಪಡೆದಿರುತ್ತೀರಿ.

ಮೊದಲನೆಯ ವಾಕ್ಯ ಅರ್ಧ ಸತ್ಯ. ಎರಡನೆಯದು ಒಂದೂವರೆ ಶತಮಾನದ ಹಿಂದಿನ ಊಹೆಯ ಪಳೆಯುಳಿಕೆ. ಮೂರನೆಯದರಲ್ಲಿ ‘ತಾನಾಗಿಯೇ’ ಎಂಬ ಒಂದೇ ಪದ ತಪ್ಪು. ಆದರೆ ಮೂರರಲ್ಲಿ ಹೆಚ್ಚು ಹಾನಿ ಮಾಡಿದ್ದು ಅದೇ. ಆ ಪದವನ್ನು ನಂಬಿದ್ದರಿಂದ ಅಂಡಾಶಯ ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಯನ್ನೇ ವಿಜ್ಞಾನ ಬಹುಕಾಲ ಹಿಂದಕ್ಕೆ ತಳ್ಳಿತ್ತು. ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಹೊರಗಿನಿಂದ ಬರುವ ಕೋಶಗಳು

ಪ್ರಯೋಗಾಲಯದ ಇಲಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಅದರ ಗರ್ಭಾವಧಿ ಸುಮಾರು 19ರಿಂದ 20 ದಿನ. ಆರನೆಯ ದಿನದ ಹೊತ್ತಿಗೆ ಮುಂದೆ ದೇಹವಾಗಬೇಕಾದ ಭಾಗವು ಎಪಿಬ್ಲಾಸ್ಟ್ ಎಂಬ ಬಟ್ಟಲಿನಾಕಾರದ ಪದರವಷ್ಟೇ. ಅದರ ಅಂಚಿಗೆ ತಾಗಿಕೊಂಡಿರುವ, ಭ್ರೂಣದ ದೇಹಕ್ಕೆ ಸೇರದ ಅಂಗಾಂಶವೊಂದು ಬಿಎಂಪಿ4 ಎಂಬ ಪ್ರೋಟೀನನ್ನು ಸ್ರವಿಸುತ್ತದೆ. ಆ ಸಂಕೇತ ಪಡೆದ ಅಂಚಿನ ಕೆಲವು ಕೋಶಗಳು ದೇಹ ಕಟ್ಟುವ ಕೆಲಸದಿಂದ ಬೇರೆಯಾಗಿ ಆದಿ ಜನನಕೋಶಗಳಾಗುತ್ತವೆ. ಏಳೂಕಾಲನೆಯ ದಿನ ಇವುಗಳ ಸಂಖ್ಯೆ ಸುಮಾರು 40. ಇವುಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೇರಳವಾಗಿರುವುದರಿಂದ ಸೂಕ್ತ ಬಣ್ಣ ಹಾಕಿ ಗುರುತಿಸಬಹುದು. ಇಲಿಯ ಭ್ರೂಣದಲ್ಲಿ ಇದನ್ನು 1954ರಲ್ಲಿ ಡಂಕನ್ ಶಿಕ್ವೊಯಿನ್ ತೋರಿಸಿದರು.

ಗಮನಿಸಿ: ಈ ಹೊತ್ತಿನಲ್ಲಿ ಅಂಡಾಶಯವೂ ಇಲ್ಲ, ವೃಷಣವೂ ಇಲ್ಲ, ಅವು ಬೆಳೆಯಬೇಕಾದ ಸ್ಥಳವೂ ಸಿದ್ಧವಾಗಿಲ್ಲ. ಈ ಕೋಶಗಳು ಇರುವುದು ಅಲಾಂಟೋಯಿಸ್ ಎಂಬ ಹೊರಚಾಚಿನ ಬುಡದಲ್ಲಿ. ಅಲ್ಲಿಂದ ಅವು ಹಿಂಭಾಗದ ಕರುಳಿನ ಭಿತ್ತಿಯನ್ನು ಸೇರುತ್ತವೆ. ಕರುಳನ್ನು ಬೆನ್ನಿಗೆ ಕಟ್ಟಿ ಹಿಡಿದಿರುವ ಪೊರೆಯ ಮೂಲಕ ಮೇಲೇರಿ, ಹತ್ತೂವರೆಯಿಂದ ಹನ್ನೊಂದೂವರೆ ದಿನದೊಳಗೆ ಜನನದಿಂಡನ್ನು ತಲುಪುತ್ತವೆ. ದಾರಿಯುದ್ದಕ್ಕೂ ವಿಭಜನೆಯಾಗುತ್ತಲೇ ಇದ್ದು, ಹದಿಮೂರೂವರೆ ದಿನದ ವೇಳೆಗೆ ಸುಮಾರು 25,000 ಆಗಿರುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಮೂರು–ನಾಲ್ಕನೆಯ ವಾರ ಯೋಕ್ ಚೀಲದ ಭಿತ್ತಿಯಲ್ಲಿ ಕಾಣಿಸಿ, ಆರನೆಯ ವಾರದ ಸುಮಾರಿಗೆ ಜನನದಿಂಡು ಸೇರುತ್ತವೆ.

ಆದ್ದರಿಂದ ಅಂಡಾಶಯ ಮತ್ತು ವೃಷಣಗಳು ಜನನಕೋಶಗಳ ತವರಲ್ಲ, ಅವು ಬಂದು ನೆಲೆಸಿ ಬೆಳೆಯುವ ಮನೆ. ಅಂಡಾಣುವಾಗಿ ಅಥವಾ ವೀರ್ಯಾಣುವಾಗಿ ಪಕ್ವವಾಗುವುದು ಅಲ್ಲಿ, ಹುಟ್ಟುವುದು ಬೇರೆಡೆ. ಈ ವ್ಯತ್ಯಾಸಕ್ಕೆ ವೈದ್ಯಕೀಯ ಮಹತ್ವವೂ ಇದೆ. ಜನನಕೋಶಗಳಿಂದ ಏಳುವ ಗೆಡ್ಡೆಗಳು ಕೆಲವೊಮ್ಮೆ ಎದೆಗೂಡಿನ ನಡುವೆ ಅಥವಾ ಮಿದುಳಿನಲ್ಲಿ ಕಾಣಿಸುವುದುಂಟು. ದಾರಿ ತಪ್ಪಿಯೂ ಸಾಯದೆ ಉಳಿದ ಆದಿ ಜನನಕೋಶಗಳು ಇದಕ್ಕೆ ಮೂಲವಾಗಿರಬಹುದೆಂಬುದು ರೋಗವಿಜ್ಞಾನಿಗಳ ಒಂದು ಮುಖ್ಯ ವಿವರಣೆ. ‘ಅಂಡಾಶಯದಲ್ಲಿ ಹುಟ್ಟುತ್ತವೆ’ ಎಂದಷ್ಟೇ ಕಲಿತ ವಿದ್ಯಾರ್ಥಿಗೆ ಇಂಥ ಗೆಡ್ಡೆ ಅರ್ಥವೇ ಆಗದು.

ಇನ್ನೊಂದು ಮಾತು. ಹಣ್ಣುನೊಣದಲ್ಲಿ ಜನನಕೋಶವಾಗುವ ಕೋಶಗಳನ್ನು ಮೊಟ್ಟೆಯೊಳಗಿನ ವಿಶೇಷ ದ್ರವ್ಯವೇ ಮೊದಲು ಗೊತ್ತುಮಾಡಿರುತ್ತದೆ. ಸಸ್ತನಿಗಳಲ್ಲಿ ಹಾಗಲ್ಲ. 1996ರಲ್ಲಿ ಪ್ಯಾಟ್ರಿಕ್ ಟ್ಯಾಮ್ ಮತ್ತು ಸಂಗಾತಿಯು ಇಲಿಯ ಎಪಿಬ್ಲಾಸ್ಟಿನ ತುದಿಯ ಕೋಶಗಳನ್ನು ತೆಗೆದು ಅಂಚಿನಲ್ಲಿ ನೆಟ್ಟಾಗ, ನರಾಂಗಾಂಶವಾಗಬೇಕಿದ್ದ ಆ ಕೋಶಗಳಿಂದಲೂ ಜನನಕೋಶಗಳು ಬಂದವು. ಇಲ್ಲಿ ತೀರ್ಮಾನ ಮಾಡುವುದು ಕೋಶದ ವಂಶವಲ್ಲ, ಅದು ಇರುವ ಸ್ಥಳ. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಅನ್ವಯಿಸುವಾಗಲೂ ಎಚ್ಚರ ಬೇಕು. ಮನುಷ್ಯನ ಆದಿ ಜನನಕೋಶಗಳಿಗೆ ಸಾಕ್ಸ್17 ಎಂಬ ಜೀನ್ ಅತ್ಯಗತ್ಯವೆಂದು 2015ರಲ್ಲಿ ತಿಳಿದುಬಂತು. ಇಲಿಯಲ್ಲಿ ಅದಕ್ಕೆ ಆ ಪಾತ್ರವಿಲ್ಲ.

ತಪ್ಪು ಹೆಸರು ಹೊತ್ತ ಪದರ

ಎರಡನೆಯ ವಾಕ್ಯದ ಮೂಲ 1870ರಲ್ಲಿದೆ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ವಾಲ್ಡೇಯರ್ ಅಂಡಾಶಯದ ಮೇಲ್ಪದರದಿಂದಲೇ ಅಂಡಾಣುಗಳು ಹುಟ್ಟುತ್ತವೆಂದು ಭಾವಿಸಿ, ಅದಕ್ಕೆ ಜನನ ಎಪಿಥೀಲಿಯಂ ಎಂದು ಹೆಸರಿಟ್ಟ. ಸೂಕ್ಷ್ಮದರ್ಶಕದಲ್ಲಿ ಕಂಡ ಸ್ಥಿರ ಚಿತ್ರಗಳಿಂದ ಅಂಥ ತೀರ್ಮಾನಕ್ಕೆ ಬಂದದ್ದು ಅಂದಿನ ಮಟ್ಟಿಗೆ ಸಹಜ. ಆ ಊಹೆ ಬಿದ್ದುಹೋಯಿತು, ಹೆಸರು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂತು. ವೃಷಣದ ವೀರ್ಯೋತ್ಪಾದಕ ನಳಿಕೆಗಳ ಒಳಪದರಕ್ಕೂ ಕೆಲವರು ಇದೇ ಹೆಸರು ಬಳಸುತ್ತಾರೆ. ಅಲ್ಲಿ ಜನನಕೋಶಗಳು ನಿಜವಾಗಿಯೂ ಇವೆ. ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಅಂಟಿಕೊಂಡಾಗ ವಿದ್ಯಾರ್ಥಿ ಗೊಂದಲಕ್ಕೀಡಾಗುವುದರಲ್ಲಿ ಆಶ್ಚರ್ಯವಿಲ್ಲ.

ವಿಚಿತ್ರವೆಂದರೆ ಈ ಪದರ ನಿಷ್ಪ್ರಯೋಜಕವೇನಲ್ಲ. ಭ್ರೂಣದಲ್ಲಿ ಜನನದಿಂಡು ರೂಪುಗೊಳ್ಳುವುದೇ ದೇಹಕುಹರದ ಒಳಹೊದಿಕೆ ಒಂದೆಡೆ ದಪ್ಪಗಾಗುವುದರಿಂದ. ಮೀಸೋನೆಫ್ರಾಸ್ ಎಂಬ ತಾತ್ಕಾಲಿಕ ಮೂತ್ರಪಿಂಡದ ಪಕ್ಕದಲ್ಲಿ, ಗದ್ದೆಯ ಬದುವಿನಂತೆ ಅದು ಉದ್ದಕ್ಕೆ ಉಬ್ಬಿಕೊಳ್ಳುತ್ತದೆ. ಈ ಹೊದಿಕೆಯ ಕೋಶಗಳು ಒಳಕ್ಕೆ ಇಳಿದು, ಜನನಕೋಶಗಳನ್ನು ಸುತ್ತುವರಿದು ಪೋಷಿಸುವ ಕೋಶಗಳಾಗುತ್ತವೆ. ಅಂದರೆ ವಾಲ್ಡೇಯರ್ ನೋಡಿದ ಪದರ ಅಂಡಾಣುವಿನ ತಾಯಿಯಲ್ಲ, ಅದರ ದಾದಿಯರ ತಾಯಿ. ಇನ್ನು ಮುಂದೆ ಅದನ್ನು ‘ಮೇಲ್ಮೈ ಎಪಿಥೀಲಿಯಂ’ ಎಂದು ಕರೆದರೆ ಸಾಕು.

ಒಂದೇ ಕೋಶ, ಎರಡು ದಾರಿ

ಈ ಪೋಷಕ ಕೋಶಗಳೇ ನಮ್ಮ ಚರ್ಚೆಯ ಕೇಂದ್ರ. ವೃಷಣದಲ್ಲಿ ಅವುಗಳ ಹೆಸರು ಸರ್ಟೋಲಿ ಕೋಶ, ಅಂಡಾಶಯದಲ್ಲಿ ಗ್ರಾನುಲೋಸಾ ಕೋಶ. 1998ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕಾರ್ಲ್ ಮತ್ತು ಬ್ಲಾಂಚ್ ಕೇಪಲ್ ಇಲಿಯ ಜನನದಿಂಡಿನ ಮೇಲ್ಪದರಕ್ಕೆ ಬಣ್ಣ ಹಚ್ಚಿ, ಬಣ್ಣ ಹೊತ್ತ ಕೋಶಗಳು ಎಲ್ಲಿಗೆ ಹೋಗುತ್ತವೆಂದು ನೋಡಿದರು. ಕೆಲವು ಒಳಗಿಳಿದು ಸರ್ಟೋಲಿ ಕೋಶಗಳಾಗಿದ್ದವು. ಇಪ್ಪತ್ತು ವರ್ಷಗಳ ನಂತರ ಜಿನೀವಾದ ಸರ್ಜ್ ನೆಫ್ ಅವರ ತಂಡ ಒಂದೊಂದೇ ಕೋಶದ ಜೀನ್ ಚಟುವಟಿಕೆಯನ್ನು ಅಳೆಯುವ ವಿಧಾನ ಬಳಸಿತು. 2018 ಮತ್ತು 2019ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎಕ್ಸ್‌ವೈ ಮತ್ತು ಎಕ್ಸ್‌ಎಕ್ಸ್ ಭ್ರೂಣಗಳೆರಡರಲ್ಲೂ ಪೋಷಕ ಕೋಶಗಳು ಒಂದೇ ಬಗೆಯ ಪೂರ್ವಜ ಕೋಶದಿಂದ ಹೊರಡುತ್ತವೆಂದು ಕಂಡುಬಂತು. ಕವಲೊಡೆಯುವುದು ನಂತರ.

ಹಾರ್ಮೋನು ತಯಾರಿಸುವ ಕೋಶಗಳಲ್ಲೂ ಇಂಥದೇ ಜೋಡಿಯಿದೆ: ವೃಷಣದಲ್ಲಿ ಲೇಡಿಗ್ ಕೋಶ, ಅಂಡಾಶಯದಲ್ಲಿ ಥೀಕಾ ಕೋಶ. ಥೀಕಾ ಕೋಶಗಳಿಗೆ ಎರಡು ಮೂಲಗಳಿವೆಯೆಂದು ಇಲಿಗಳಲ್ಲಿ 2015ರಲ್ಲಿ ತೋರಿಸಲಾಯಿತು. ಕೆಲವು ಅಂಡಾಶಯದೊಳಗಿನವೇ, ಉಳಿದವು ಮೀಸೋನೆಫ್ರಾಸಿನಿಂದ ಬಂದವು.

ಈ ಮೂಲಗಳನ್ನು ಗುರುತಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ನಿದರ್ಶನ. ವೃಷಣದ ನಳಿಕೆಗಳ ಸುತ್ತ ಸ್ನಾಯುವಿನಂಥ ಕೋಶಗಳಿವೆ. ಇವು ಮೀಸೋನೆಫ್ರಾಸಿನಿಂದ ವಲಸೆ ಬರುತ್ತವೆಂದು 1990ರ ದಶಕದ ಪ್ರಯೋಗಗಳು ಹೇಳಿದವು, ಪುಸ್ತಕಗಳು ಅದನ್ನು ಒಪ್ಪಿಕೊಂಡವು. ಇನ್ನೂ ಸ್ಪಷ್ಟವಾದ ಗುರುತುಗಳೊಂದಿಗೆ ಪ್ರಯೋಗವನ್ನು ಮತ್ತೆ ಮಾಡಿದಾಗ, 2008–09ರಲ್ಲಿ ಬೇರೆಯೇ ಉತ್ತರ ಬಂತು. ವಲಸೆ ಬರುವವು ರಕ್ತನಾಳದ ಒಳಪದರದ ಕೋಶಗಳು, ಸ್ನಾಯುವಿನಂಥ ಕೋಶಗಳು ಸ್ಥಳೀಯವೇ. ಒಂದು ಪಕ್ಕ ಇನ್ನೊಂದಕ್ಕೆ ತಾಗಿದೆ ಎಂದ ಮಾತ್ರಕ್ಕೆ ಅದು ಅಲ್ಲಿಂದಲೇ ಬಂತೆನ್ನಲಾಗದು. ವಾಲ್ಡೇಯರ್‌ನನ್ನು ದಾರಿ ತಪ್ಪಿಸಿದ್ದೂ ಇದೇ.

‘ತಾನಾಗಿಯೇ’ ಎಲ್ಲಿಂದ ಬಂತು?

ಈಗ ಮೂರನೆಯ ವಾಕ್ಯಕ್ಕೆ ಬನ್ನಿ. ಇದರ ಬೇರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1947ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗಗಳಲ್ಲಿದೆ. ಆತ ತಾಯಿಯ ಗರ್ಭದಲ್ಲೇ ಇದ್ದ ಮೊಲದ ಭ್ರೂಣಗಳ ಜನನಗ್ರಂಥಿಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದ. ಸಂತಾನೋತ್ಪತ್ತಿಯ ನಾಳಗಳು ಗಂಡು–ಹೆಣ್ಣೆಂದು ಬೇರೆಯಾಗುವ ಮೊದಲೇ ಹೀಗೆ ಮಾಡಿದರೆ, ವರ್ಣತಂತು ಎಕ್ಸ್‌ವೈ ಆಗಿರಲಿ ಎಕ್ಸ್‌ಎಕ್ಸ್ ಆಗಿರಲಿ, ಎಲ್ಲ ಭ್ರೂಣಗಳಲ್ಲೂ ಅಂಡನಾಳ, ಗರ್ಭಕೋಶ ಮತ್ತು ಹೆಣ್ಣಿನ ಹೊರ ಜನನಾಂಗಗಳು ಬೆಳೆದವು. ಗಂಡಿನ ನಾಳಗಳು ಉಳಿಯಲು ವೃಷಣದ ಹಾರ್ಮೋನುಗಳು ಬೇಕು, ಹೆಣ್ಣಿನ ನಾಳಗಳು ಬೆಳೆಯಲು ಅಂಡಾಶಯ ಬೇಕಿಲ್ಲ ಎಂದು ಜೋಸ್ಟ್ ಸರಿಯಾಗಿಯೇ ತೀರ್ಮಾನಿಸಿದ.

ಈ ಪ್ರಯೋಗವನ್ನು ಮತ್ತೊಮ್ಮೆ ಓದಿ. ಜೋಸ್ಟ್ ತೆಗೆದುಹಾಕಿದ್ದು ಜನನಗ್ರಂಥಿಯನ್ನೇ! ಗ್ರಂಥಿಯೇ ಇಲ್ಲದ ಭ್ರೂಣವು ಗ್ರಂಥಿ ಹೇಗೆ ರೂಪುಗೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಸಾಧ್ಯವೇ? ನಾಳಗಳ ಬಗ್ಗೆ ಬಂದ ಉತ್ತರವನ್ನು ನಂತರದವರು ಗ್ರಂಥಿಗೂ ಹೊಂದಿಸಿದರು. ‘ಅಂಡಾಶಯವಿಲ್ಲದೆ ಹೆಣ್ಣಿನ ನಾಳ ಬೆಳೆಯುತ್ತದೆ’ ಎಂಬುದು ಸದ್ದಿಲ್ಲದೆ ‘ಯಾವ ಪ್ರಯತ್ನವೂ ಇಲ್ಲದೆ ಅಂಡಾಶಯ ಬೆಳೆಯುತ್ತದೆ’ ಎಂದಾಯಿತು. ಎರಡು ವಾಕ್ಯಗಳ ನಡುವೆ ಇರುವ ಅಂತರ ನಿಮಗೆ ಕಾಣುತ್ತದಲ್ಲವೇ?

1990ರಲ್ಲಿ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್ ಪತ್ತೆಯಾದಾಗ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮರುವರ್ಷ ಲಂಡನ್ನಿನ ವಿಜ್ಞಾನಿಗಳು ಎಕ್ಸ್‌ಎಕ್ಸ್ ಇಲಿಯ ಭ್ರೂಣಕ್ಕೆ ಈ ಜೀನನ್ನು ಸೇರಿಸಿದಾಗ ವೃಷಣಗಳು ಬೆಳೆದವು. ಅದು ನಿಸ್ಸಂದೇಹವಾಗಿ ಮಹತ್ವದ ಪ್ರಯೋಗ. ಆದರೆ ಆ ಇಲಿಯ ವೃಷಣದಲ್ಲಿ ವೀರ್ಯಾಣುಗಳಿರಲಿಲ್ಲ. ವೃಷಣದ ಮನೆಯನ್ನು ಕಟ್ಟಿದ್ದು ಪೋಷಕ ಕೋಶಗಳು, ಅದರಲ್ಲಿ ನೆಲೆಸಿದ್ದು ಹೊರಗಿನಿಂದ ಬಂದ ಎಕ್ಸ್‌ಎಕ್ಸ್ ಜನನಕೋಶಗಳು. ಎರಡು ಎಕ್ಸ್ ಇರುವ ಜನನಕೋಶ ವೀರ್ಯಾಣುವಾಗಿ ಪಕ್ವವಾಗಲಾರದು. ಮೊದಲ ವಾಕ್ಯವನ್ನು ಸರಿಪಡಿಸಿಕೊಳ್ಳದೆ ಈ ಫಲಿತಾಂಶವನ್ನು ವಿವರಿಸಲಾಗದು.

ಅಂಡಾಶಯದ ಪರವಾದ ಸಾಕ್ಷ್ಯ

ಎಸ್‌ಆರ್‌ವೈ ಸಿಗುವ ಮೊದಲೇ, 1986ರಲ್ಲಿ, ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಇವಾ ಐಕರ್ ಮತ್ತು ಲಿಂಡಾ ವಾಶ್‌ಬರ್ನ್ ಒಂದು ಆಕ್ಷೇಪ ಎತ್ತಿದ್ದರು. ವೃಷಣದಂತೆ ಅಂಡಾಶಯವೂ ಒಂದು ಅಂಗ, ಅದರ ರಚನೆಯೂ ಜೀನ್‌ಗಳ ಸಕ್ರಿಯ ನಿರ್ದೇಶನದಿಂದಲೇ ನಡೆಯಬೇಕು ಎಂಬುದು ಅವರ ವಾದದ ಸಾರ. ಸಾಕ್ಷ್ಯಗಳು ಒಂದೊಂದಾಗಿ ಬಂದವು.

1999ರಲ್ಲಿ ಡಬ್ಲ್ಯುಎನ್‌ಟಿ4 ಜೀನ್ ಇಲ್ಲದ ಎಕ್ಸ್‌ಎಕ್ಸ್ ಇಲಿಗಳಲ್ಲಿ ಗಂಡು ಲಕ್ಷಣಗಳು ಕಂಡವು. 2006ರಲ್ಲಿ ಇಟಲಿಯ ಒಂದು ಕುಟುಂಬದ ಅಧ್ಯಯನ ಪ್ರಕಟವಾಯಿತು. ಆ ಕುಟುಂಬದ ನಾಲ್ವರು ಸಹೋದರರ ವರ್ಣತಂತು ಎಕ್ಸ್‌ಎಕ್ಸ್, ಅವರಲ್ಲಿ ಎಸ್‌ಆರ್‌ವೈ ಇರಲೇ ಇಲ್ಲ. ಆದರೂ ಅವರು ಗಂಡಸರಾಗಿ ಬೆಳೆದಿದ್ದರು. ಕಾರಣ, ಆರ್-ಸ್ಪಾಂಡಿನ್1 ಎಂಬ ಜೀನಿನ ದೋಷ. ‘ವೈ ಇಲ್ಲದಿದ್ದರೆ ತಾನಾಗಿಯೇ ಅಂಡಾಶಯ’ ಎಂಬ ವಾಕ್ಯ ಈ ನಾಲ್ವರ ಮುಂದೆ ನಿಲ್ಲಲಾರದು. ಅಂಡಾಶಯವನ್ನು ಕಟ್ಟುವ ಸಂಕೇತವೊಂದು ಇಲ್ಲವಾದಾಗ ವೃಷಣದ ದಾರಿ ತೆರೆದುಕೊಂಡಿತ್ತು. ಆಡಿನಲ್ಲೂ ಇಂಥದೇ ಸಂಗತಿಯಿದೆ. ಫಾಕ್ಸ್‌ಎಲ್2 ಎಂಬ ಜೀನನ್ನು ಕೆಡಿಸಿದ ಎಕ್ಸ್‌ಎಕ್ಸ್ ಆಡುಗಳಲ್ಲಿ ವೃಷಣಗಳು ಬೆಳೆದದ್ದನ್ನು ಫ್ರಾನ್ಸಿನ ವಿಜ್ಞಾನಿಗಳು 2014ರಲ್ಲಿ ವರದಿ ಮಾಡಿದರು.

ಇನ್ನೂ ಬೆರಗು ಹುಟ್ಟಿಸಿದ್ದು 2009ರ ಪ್ರಯೋಗ. ಜರ್ಮನಿಯಲ್ಲಿ ಮಥಿಯಾಸ್ ಟ್ರೈಯರ್ ಅವರ ತಂಡ ಬೆಳೆದ ಹೆಣ್ಣಿಲಿಗಳ ಅಂಡಾಶಯದಲ್ಲಿ ಫಾಕ್ಸ್‌ಎಲ್2 ಜೀನನ್ನು ತೆಗೆದುಹಾಕಿತು. ಗ್ರಾನುಲೋಸಾ ಕೋಶಗಳು ಸರ್ಟೋಲಿ ಕೋಶಗಳನ್ನು ಹೋಲತೊಡಗಿದವು. ಎರಡು ವರ್ಷಗಳ ನಂತರ ಮಿನೆಸೋಟದ ವಿಜ್ಞಾನಿಗಳು ಗಂಡಿಲಿಯ ವೃಷಣದಲ್ಲಿ ಡಿಎಂಆರ್‌ಟಿ1 ಜೀನನ್ನು ತೆಗೆದಾಗ ಸರ್ಟೋಲಿ ಕೋಶಗಳು ಗ್ರಾನುಲೋಸಾ ರೂಪ ತಾಳಿದವು. ಒಂದೇ ಪೂರ್ವಜನಿಂದ ಬಂದ ಈ ಎರಡು ಬಗೆಯ ಕೋಶಗಳು ತಮ್ಮ ದಾರಿಯನ್ನು ಭ್ರೂಣದಲ್ಲಿ ಒಮ್ಮೆ ಆರಿಸಿಕೊಂಡು ಸುಮ್ಮನಾಗುವುದಿಲ್ಲ. ಜೀವನದುದ್ದಕ್ಕೂ ಅದನ್ನು ಕಾಯ್ದುಕೊಳ್ಳಬೇಕು. ಕಾಯಬೇಕಾದದ್ದು ವೃಷಣವೊಂದೇ ಅಲ್ಲ, ಅಂಡಾಶಯವೂ.

ಕಾಲದ ಲೆಕ್ಕವೂ ಇದನ್ನೇ ಹೇಳುತ್ತದೆ. ಎಸ್‌ಆರ್‌ವೈ ಜೀನನ್ನು ಬೇಕಾದ ಹೊತ್ತಿಗೆ ಚಾಲೂ ಮಾಡಬಲ್ಲ ಇಲಿಗಳನ್ನು ಜಪಾನಿನ ವಿಜ್ಞಾನಿಗಳು ರೂಪಿಸಿದರು. ಹನ್ನೊಂದನೆಯ ದಿನದ ಆರಂಭದ ಸುಮಾರು 6 ಗಂಟೆಗಳೊಳಗೆ ಅದು ಚಾಲೂ ಆದರೆ ಮಾತ್ರ ವೃಷಣ ಸರಿಯಾಗಿ ಬೆಳೆಯುತ್ತದೆಂದು 2009ರಲ್ಲಿ ಅವರು ತೋರಿಸಿದರು. ತಡವಾದರೆ ಅವಕಾಶ ಮುಗಿದಂತೆ. ಎದುರಾಳಿಯೇ ಇಲ್ಲದಿದ್ದರೆ ಇಷ್ಟು ಅವಸರವೇಕೆ? ಆ ಎದುರಾಳಿಗಳಲ್ಲಿ ಮುಖ್ಯವಾದ ಒಂದನ್ನು 2023ರಲ್ಲಿ ಫ್ರಾನ್ಸಿನ ಮರಿ-ಕ್ರಿಸ್ಟೀನ್ ಶಬುಸಿಯೆ ಅವರ ತಂಡ ಗುರುತಿಸಿತು. ಅದು ಡಬ್ಲ್ಯುಟಿ1 ಜೀನಿನ ಒಂದು ರೂಪಭೇದ. ಅದರ ಪ್ರಮಾಣ ಹೆಚ್ಚಾದಾಗ ಅಂಡಾಶಯದ ಬೆಳವಣಿಗೆ ಬೇಗನೆ ಶುರುವಾಗುತ್ತದೆ. ಎಕ್ಸ್‌ವೈ ಇಲಿಗಳಲ್ಲೂ ಅದು ಎಸ್‌ಆರ್‌ವೈಯನ್ನು ಹತ್ತಿಕ್ಕಿ ಅಂಡಾಶಯವನ್ನು ಬೆಳೆಸಿತು. ಎಸ್‌ಆರ್‌ವೈ ಸಿಕ್ಕಿ 33 ವರ್ಷಗಳಾದ ಮೇಲೆ ಈ ಉತ್ತರ ಬಂತು. ಇಷ್ಟು ತಡವಾಗಲು ‘ತಾನಾಗಿಯೇ’ ಎಂಬ ಪದದ ಪಾಲೂ ಇದೆ. ತಾನಾಗಿ ಆಗುವುದಕ್ಕೆ ಕಾರಣವನ್ನು ಯಾರು ತಾನೇ ಹುಡುಕುತ್ತಾರೆ?

ಜೋಸ್ಟ್‌ನ ಸ್ವಂತ ಕ್ಷೇತ್ರವಾದ ನಾಳಗಳಲ್ಲೂ ತಿದ್ದುಪಡಿ ಬಂದಿದೆ. ಹೆಣ್ಣು ಭ್ರೂಣದಲ್ಲಿ ಗಂಡಿನ ನಾಳಗಳು ಹಾರ್ಮೋನಿನ ಕೊರತೆಯಿಂದ ಸುಮ್ಮನೆ ಸೊರಗುತ್ತವೆ ಎಂದು ನಂಬಲಾಗಿತ್ತು. ಅವುಗಳನ್ನು ನಿವಾರಿಸಲು ಕೂಪ್-ಟಿಎಫ್2 ಎಂಬ ಪ್ರೋಟೀನು ಬೇಕೆಂದು ಹಂಫ್ರಿ ಯಾವ್ ಅವರ ತಂಡ 2017ರಲ್ಲಿ ಇಲಿಗಳಲ್ಲಿ ತೋರಿಸಿತು.

ಉಳಿಯಬೇಕಾದದ್ದು

ಹಾಗೆಂದು ಹಳೆಯ ಪಾಠವನ್ನೆಲ್ಲ ಎಸೆಯಬೇಕಿಲ್ಲ. ಮನುಷ್ಯರಲ್ಲಿ ಮತ್ತು ಬಹುಪಾಲು ಸಸ್ತನಿಗಳಲ್ಲಿ ವೃಷಣದ ದಾರಿಯನ್ನು ಆರಂಭಿಸುವುದು ಎಸ್‌ಆರ್‌ವೈ ಎಂಬುದು ನಿಜ. ಹೆಣ್ಣುಮಗು ಹುಟ್ಟಿತೆಂದು ತಾಯಿಯನ್ನು ದೂರುವವರಿಗೆ, ಎಕ್ಸ್ ಅಥವಾ ವೈ ಬರುವುದು ತಂದೆಯ ವೀರ್ಯಾಣುವಿನಿಂದ ಎಂದು ನಮ್ಮ ಅಧ್ಯಾಪಕರು ಹೇಳುತ್ತ ಬಂದಿರುವ ಮಾತು ಇಂದಿಗೂ ಅಷ್ಟೇ ಸರಿ, ಅಷ್ಟೇ ಅಗತ್ಯ. ಅಂಡಾಶಯಕ್ಕೂ ವೃಷಣಕ್ಕೂ ನಡುವೆ ಅಸಮಾನತೆಗಳೂ ಉಂಟು. ಜನನಕೋಶಗಳು ಬಾರದಿದ್ದರೂ ವೃಷಣದ ನಳಿಕೆಗಳು ರೂಪುಗೊಳ್ಳುತ್ತವೆ, ಆದರೆ ಅಂಡಾಣುವಿಲ್ಲದೆ ಅಂಡಾಶಯದ ಕೋಶಕಗಳು ರೂಪುಗೊಳ್ಳುವುದಿಲ್ಲ. ದಾರಿ ತಪ್ಪಿ ಅಡ್ರಿನಲ್ ಗ್ರಂಥಿಯನ್ನು ಸೇರಿದ ಇಲಿಯ ಜನನಕೋಶಗಳು, ಗಂಡು ಭ್ರೂಣದಲ್ಲಿದ್ದರೂ, ಅಂಡಾಣುವಿನ ದಾರಿಯನ್ನೇ ಹಿಡಿಯುತ್ತವೆ. ಇವನ್ನೆಲ್ಲ ಹೇಳಲು ‘ತಾನಾಗಿಯೇ’ ಎಂಬ ಪದ ಬೇಕಿಲ್ಲ. ಯಾವ ಕೋಶ, ಯಾವ ಸ್ಥಳ, ಯಾವ ಸಂಕೇತ ಎಂದು ಬಿಡಿಸಿ ಹೇಳಿದರೆ ಸಾಕು.

ಎಸ್‌ಆರ್‌ವೈ ಕೂಡ ಅನಿವಾರ್ಯ ನಿಯಮವಲ್ಲ. ಜಪಾನಿನ ಅಮಾಮಿ ದ್ವೀಪದ ಮುಳ್ಳಿಲಿಗೆ ವೈ ವರ್ಣತಂತುವೂ ಇಲ್ಲ, ಎಸ್‌ಆರ್‌ವೈಯೂ ಇಲ್ಲ. ಆದರೂ ಗಂಡು ಹುಟ್ಟುತ್ತದೆ. ಸಾಕ್ಸ್9 ಜೀನಿನ ಪಕ್ಕದ ಒಂದು ತುಣುಕು ಇಮ್ಮಡಿಯಾಗಿರುವುದು ಅದಕ್ಕೆ ಕಾರಣವೆಂದು 2022ರಲ್ಲಿ ಅಸಾತೊ ಕುರೊಯಿವಾ ಅವರ ತಂಡ ತಿಳಿಸಿತು. ಸಾಮಾನ್ಯವಾಗಿ ಎಸ್‌ಆರ್‌ವೈ ಎಚ್ಚರಿಸುವುದೂ ಈ ಸಾಕ್ಸ್9 ಅನ್ನೇ.

ತರಗತಿಯಲ್ಲಿ

ಅಧ್ಯಾಪಕರಿಗೆ ಒಂದು ಸಲಹೆ. ಕರಿಹಲಗೆಯ ಮೇಲೆ ಮೂರು ಕಂಬಗಳ ಪಟ್ಟಿ ಬರೆಯಿರಿ: ಕೋಶ, ಅದು ಹುಟ್ಟಿದ ಸ್ಥಳ, ವೃಷಣದಲ್ಲಿ ಮತ್ತು ಅಂಡಾಶಯದಲ್ಲಿ ಅದರ ರೂಪ. ಮೊದಲ ಸಾಲಿನಲ್ಲಿ ಜನನಕೋಶ, ಎರಡನೆಯದರಲ್ಲಿ ಪೋಷಕ ಕೋಶ, ಮೂರನೆಯದರಲ್ಲಿ ಹಾರ್ಮೋನು ಕೋಶ. ಹತ್ತು ನಿಮಿಷದ ಕೆಲಸ. ನಂತರ ಜೋಸ್ಟ್‌ನ ಪ್ರಯೋಗವನ್ನು ವಿವರಿಸಿ, ಅದರಿಂದ ಅಂಡಾಶಯದ ಹುಟ್ಟಿನ ಬಗ್ಗೆ ಏನು ತಿಳಿಯುತ್ತದೆಂದು ವಿದ್ಯಾರ್ಥಿಗಳನ್ನೇ ಕೇಳಿ. ‘ಏನೂ ತಿಳಿಯುವುದಿಲ್ಲ’ ಎಂದು ಉತ್ತರಿಸುವ ಹುಡುಗಿ ಅಥವಾ ಹುಡುಗ ವಿಜ್ಞಾನದ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಂತೆ.

ನಿಮ್ಮ ತರಗತಿಯಲ್ಲಿ ಕೂತವರಲ್ಲಿ, ವರ್ಣತಂತು ಮತ್ತು ಜನನಗ್ರಂಥಿ ಪುಸ್ತಕ ಹೇಳಿದಂತೆ ಹೊಂದಿಕೊಳ್ಳದ ಮಗುವೂ ಇರಬಹುದು, ಅಂಥ ಮಗುವಿನ ಅಕ್ಕ ಅಥವಾ ತಮ್ಮ ಇರಬಹುದು. ಅವರ ದೇಹ ನಿಯಮ ಮೀರಿದ್ದಲ್ಲ. ನಾವು ಬರೆದ ನಿಯಮವೇ ಅಪೂರ್ಣ. ಮೂರನೆಯ ವಾಕ್ಯವನ್ನು ಹೀಗೆ ತಿದ್ದಿ ಬರೆದುಕೊಳ್ಳಿ: ಒಂದೇ ಬಗೆಯ ಪೂರ್ವಜ ಕೋಶಗಳ ಮುಂದೆ ಎರಡು ದಾರಿಗಳಿವೆ, ಎರಡನ್ನೂ ಜೀನ್‌ಗಳು ಸಕ್ರಿಯವಾಗಿ ನಡೆಸುತ್ತವೆ, ಒಂದು ದಾರಿ ತೆರೆಯುವಾಗ ಇನ್ನೊಂದನ್ನು ಮುಚ್ಚುತ್ತದೆ. ಹಳೆಯ ವಾಕ್ಯಕ್ಕಿಂತ ಇದು ಸ್ವಲ್ಪ ಉದ್ದ. ಆದರೆ ಇದರಲ್ಲಿ ಅಂಡಾಶಯಕ್ಕೂ ವೃಷಣಕ್ಕೂ ನ್ಯಾಯ ಸಿಕ್ಕಿದೆ.